ನಾದಾರಿ (ದಿವಾಳಿ) ಅರ್ಜಿ ಹಾಕಿದರೆ ಮನೆ, ಜಮೀನು, ಒಡವೆ, ಪಿಎಫ್ ಏನಾಗುತ್ತದೆ?

ಹಳೆಲೆಕ್ಕ:

ಕಂಪನಿಗಳ ದಿವಾಳಿ ಬಗ್ಗೆ ಎಲ್ಲ ಕಡೆ ಬರೆದಿದ್ದಾರೆ. ಒಬ್ಬ ವ್ಯಕ್ತಿ ತಾನೇ ಕೋರ್ಟಿಗೆ ಹೋಗಿ ದಿವಾಳಿ ಅರ್ಜಿ ಹಾಕಿದರೆ ಅವನ ಸ್ವಂತ ಆಸ್ತಿ ಏನಾಗುತ್ತದೆ ಅನ್ನುವುದು ಮಾತ್ರ ಸರಿಯಾಗಿ ಸಿಗುತ್ತಿಲ್ಲ. ಲೆಕ್ಕಕ್ಕೆ ಹೀಗಿದೆ ಅಂದುಕೊಳ್ಳಿ.

ಸಾಲ: ಫ್ಲ್ಯಾಟ್ ಮೇಲಿನ ಗೃಹಸಾಲ 22 ಲಕ್ಷ, ವೈಯಕ್ತಿಕ ಸಾಲ ಮತ್ತು ಕ್ರೆಡಿಟ್ ಕಾರ್ಡ್ ಸೇರಿ 14 ಲಕ್ಷ, ಪ್ರಾಮಿಸರಿ ನೋಟ್ ಮೇಲೆ ತಂದ ಕೈಸಾಲ 9 ಲಕ್ಷ, ನಿಂತುಹೋದ ಅಂಗಡಿಯ ಜಿಎಸ್‌ಟಿ ಬಾಕಿ 2 ಲಕ್ಷ.

ಆಸ್ತಿ: ಗಂಡ ಹೆಂಡತಿ ಇಬ್ಬರ ಹೆಸರಲ್ಲಿರುವ ಆ ಫ್ಲ್ಯಾಟ್, ಪಿತ್ರಾರ್ಜಿತ ಜಮೀನಿನಲ್ಲಿ ಒಂದು ಭಾಗ, ಒಂದು ಎಲ್‌ಐಸಿ ಪಾಲಿಸಿ, ಪಿಎಫ್, ಪಿಪಿಎಫ್, ಒಂದು ಬೈಕು, ಹೆಂಡತಿಯ ಒಡವೆ. ಈಗ ತಿಂಗಳಿಗೆ 46,000 ಸಂಬಳದ ಖಾಸಗಿ ಕೆಲಸ.

ಅರ್ಜಿ ಹಾಕುವ ಮುಂಚೆ ಜಮೀನಿನ ಭಾಗವನ್ನು ತಮ್ಮನ ಹೆಸರಿಗೆ ಹಕ್ಕು ಬಿಡುಗಡೆ ಮಾಡಿಟ್ಟರೆ ಅದಾದರೂ ಉಳಿಯುತ್ತದೆ ಅಂತ ಹೇಳುವವರಿದ್ದಾರೆ. ನಿಜವೇ?

ಕಲಂ_ಅರವತ್ತು:

ಮೊದಲು ಯಾವ ಕಾನೂನು ಅನ್ನುವುದು ಸ್ಪಷ್ಟವಾಗಲಿ. 2016ರ ದಿವಾಳಿ ಸಂಹಿತೆ ಬಂದ ಮೇಲೆ ಎಲ್ಲರಿಗೂ ಅದೇ ಅನ್ವಯ ಅಂತ ಜನ ತಿಳಿದಿದ್ದಾರೆ. ಅದರಲ್ಲಿ ವ್ಯಕ್ತಿಗಳಿಗೆ ಸಂಬಂಧಿಸಿದ ಮೂರನೇ ಭಾಗ 1 ಡಿಸೆಂಬರ್ 2019ರಿಂದ ಜಾರಿಗೆ ಬಂದದ್ದು ಕಂಪನಿಯ ಸಾಲಕ್ಕೆ ವೈಯಕ್ತಿಕ ಜಾಮೀನು ನಿಂತವರಿಗೆ ಮಾತ್ರ. ನೀವು ಹೇಳಿದಂಥ ಸ್ವಂತ ಹೆಸರಿನ ವ್ಯಾಪಾರಿಗೆ, ಸಂಬಳದಾರನಿಗೆ ಇವತ್ತಿಗೂ 1920ರ ಪ್ರಾಂತೀಯ ನಾದಾರಿ ಕಾಯ್ದೆಯೇ ಗತಿ. ಮುಂಬೈ, ಕೋಲ್ಕತ್ತ, ಚೆನ್ನೈ ನಗರಗಳಿಗೆ 1909ರ ಬೇರೆ ಕಾಯ್ದೆ ಇದೆ. ಕರ್ನಾಟಕದಲ್ಲಿ ಬೆಂಗಳೂರೂ ಸೇರಿ ಎಲ್ಲ ಕಡೆ 1920ರದ್ದೇ. ಕಾಯ್ದೆ ಎಷ್ಟು ಹಳೆಯದು ಅಂದರೆ ಅರ್ಜಿ ಹಾಕಲು ಸಾಲ ಕನಿಷ್ಠ 500 ರೂಪಾಯಿ ಇರಬೇಕು ಅಂತ ಅದರಲ್ಲಿ ಇನ್ನೂ ಬರೆದಿದೆ.

ಮುಖ್ಯ ಕಲಂ 28. ಕೋರ್ಟು ನಿಮ್ಮನ್ನು ನಾದಾರಿ ಎಂದು ಘೋಷಿಸಿದ ಕೂಡಲೇ ನಿಮ್ಮ ಆಸ್ತಿಯೆಲ್ಲ ಕೋರ್ಟಿನ ಅಥವಾ ರಿಸೀವರ್ (ಆಸ್ತಿ ನೋಡಿಕೊಳ್ಳಲು ಕೋರ್ಟು ನೇಮಿಸುವವರು) ವಶಕ್ಕೆ ಹೋಗುತ್ತದೆ. ಅದೂ ಆದೇಶದ ದಿನದಿಂದಲ್ಲ, ಅರ್ಜಿ ಸಲ್ಲಿಸಿದ ದಿನಕ್ಕೇ ಹಿಂದಕ್ಕೆ ಹೋಗಿ ಅನ್ವಯಿಸುತ್ತದೆ. ಅರ್ಜಿಗೂ ಆದೇಶಕ್ಕೂ ನಡುವೆ ಏನಾದರೂ ಮಾರಿದ್ದರೆ ಕೊಂಡವನ ಪಾಡು ಕಷ್ಟ.

ವಶಕ್ಕೆ ಹೋಗದ ಆಸ್ತಿ ಯಾವುದು ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60ರಲ್ಲಿ ಜಪ್ತಿಯಿಂದ ಬಿಟ್ಟಿರುವ ಆಸ್ತಿ. ತೊಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ ಹೊದಿಕೆ. ಧರ್ಮದ ಆಚರಣೆಯ ಪ್ರಕಾರ ಹೆಣ್ಣುಮಗಳು ಬಿಚ್ಚಿಕೊಡಲಾಗದ ಒಡವೆ, ಅಂದರೆ ತಾಳಿಯಂಥದ್ದು. ಕುಶಲಕರ್ಮಿಯ ಉಪಕರಣ. ರೈತನಾದರೆ ನೇಗಿಲು, ಎತ್ತು, ಬಿತ್ತನೆ ಬೀಜ, ಜೊತೆಗೆ ಅವನು ವಾಸವಿರುವ ಮನೆ. ಪಿಂಚಣಿ, ಗ್ರಾಚ್ಯುಟಿ, ಪಿಎಫ್, ಪಿಪಿಎಫ್, ಸಾಲ ಮಾಡಿದವನದೇ ಜೀವದ ಮೇಲಿನ ವಿಮೆಯಿಂದ ಬರಬೇಕಾದ ಹಣ.

ನಿಮ್ಮ ಪಟ್ಟಿಗೆ ಬಂದರೆ, ಪಿಎಫ್, ಪಿಪಿಎಫ್ ಮತ್ತು ಎಲ್‌ಐಸಿ ಉಳಿಯುತ್ತವೆ. ಪಾಲಿಸಿಯನ್ನು ಅಡವಿಟ್ಟು ಸಾಲ ಪಡೆದಿದ್ದರೆ ಮಾತ್ರ ಅಷ್ಟರ ಮಟ್ಟಿಗೆ ಅಡವು ಹಿಡಿದವರು ಮೊದಲು ತೆಗೆದುಕೊಳ್ಳುತ್ತಾರೆ. ಇಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ. ಸಾಲಕ್ಕೆ ಹೆದರಿ ಪಾಲಿಸಿ ಸರೆಂಡರ್ ಮಾಡುವುದು, ಪಿಪಿಎಫ್ ಒಡೆದು ಉಳಿತಾಯ ಖಾತೆಗೆ ಹಾಕಿಕೊಳ್ಳುವುದು. ರಕ್ಷಣೆ ಇದ್ದ ಹಣವನ್ನು ನೀವೇ ರಕ್ಷಣೆ ಇಲ್ಲದ ಜಾಗಕ್ಕೆ ತಂದಿಟ್ಟ ಹಾಗೆ. ಖಾತೆಯಲ್ಲಿ ಬೇರೆ ಹಣದ ಜೊತೆ ಬೆರೆತ ಮೇಲೆ ಇದು ಪಿಪಿಎಫ್ ಹಣ ಅಂತ ವಾದಿಸುತ್ತಾ ಕೂರಬೇಕು.

ಬೈಕು ಹೋಗುತ್ತದೆ. ವಾಹನಕ್ಕೆ ಕಲಂ 60ರಲ್ಲಿ ಪ್ರತ್ಯೇಕ ವಿನಾಯಿತಿ ಇಲ್ಲ.

ಸಂಬಳದ ಲೆಕ್ಕ: ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಪಾಲು ಮುಟ್ಟುವಂತಿಲ್ಲ. 46,000ದಲ್ಲಿ 1,000 ತೆಗೆದರೆ 45,000. ಅದರಲ್ಲಿ 30,000 ಮುಕ್ತ. ಅಂದರೆ ಕೈಗೆ 31,000 ಉಳಿದು, ಹೆಚ್ಚೆಂದರೆ 15,000ಕ್ಕೆ ಕೈ ಹಾಕಬಹುದು. ಸಾಮಾನ್ಯ ಡಿಕ್ರಿ (ಹಣ ಕಟ್ಟಬೇಕೆಂಬ ಕೋರ್ಟ್ ತೀರ್ಪು) ಅಮಲ್ಜಾರಿಯಲ್ಲಾದರೆ ಒಂದೇ ಡಿಕ್ರಿಗೆ ಒಟ್ಟು 24 ತಿಂಗಳು ಸಂಬಳ ಕಡಿತವಾದ ಮೇಲೆ ಆ ಡಿಕ್ರಿಗೆ ಮತ್ತೆ ಸಂಬಳ ಮುಟ್ಟುವ ಹಾಗಿಲ್ಲ. ಜೀವನಾಂಶದ ಡಿಕ್ರಿಗೆ ಲೆಕ್ಕ ಬೇರೆ, ಅಲ್ಲಿ ಮುಕ್ತವಿರುವುದು ಮೂರನೇ ಒಂದು ಪಾಲು ಮಾತ್ರ.

ಇನ್ನೊಂದು ಮಾತು. ಸಾಲದ ಪತ್ರದಲ್ಲಿ ಇಂಥ ವಿನಾಯಿತಿಗಳನ್ನು ಬಿಟ್ಟುಕೊಟ್ಟಿದ್ದೇನೆ ಅಂತ ಸಹಿ ಹಾಕಿಸಿಕೊಂಡಿದ್ದರೂ ಆ ಷರತ್ತು ನಡೆಯುವುದಿಲ್ಲ. ಕಲಂ 60(1ಎ) ಅದನ್ನು ಶೂನ್ಯ ಎನ್ನುತ್ತದೆ.

ಒತ್ತೆ_ಪತ್ರ:

ಮೇಲಿನವರು ಫ್ಲ್ಯಾಟ್ ಬಿಟ್ಟಿದ್ದಾರೆ. ನಾದಾರಿ ಅರ್ಜಿ ಹಾಕಿದರೆ ಮನೆ ಹರಾಜು ನಿಲ್ಲುತ್ತದೆ ಅನ್ನುವ ಆಸೆಯಲ್ಲೇ ಅರ್ಧ ಜನ ವಕೀಲರ ಬಳಿ ಹೋಗುವುದು. ನಿಲ್ಲುವುದಿಲ್ಲ. 1920ರ ಕಾಯ್ದೆಯ ಕಲಂ 28(6) ಪ್ರಕಾರ ಅಡಮಾನ ಇಟ್ಟುಕೊಂಡ ಸಾಲದಾತ ಈ ಪ್ರಕ್ರಿಯೆಯ ಹೊರಗೇ ಇರುತ್ತಾನೆ. ಬ್ಯಾಂಕು ಸರ್ಫೇಸಿ ಕಾಯ್ದೆಯಲ್ಲಿ (ಕೋರ್ಟಿಗೆ ದಾವೆ ಹಾಕದೆ ಅಡಮಾನದ ಆಸ್ತಿ ಹಿಡಿಯಲು ಬ್ಯಾಂಕುಗಳಿಗಿರುವ ಕಾಯ್ದೆ) 13(2) ನೋಟಿಸ್ ಕೊಟ್ಟು, 60 ದಿನ ಕಾದು, ಸ್ವಾಧೀನಕ್ಕೆ ಬರಬಹುದು. ಸಾಲ ಪೂರ್ತಿ ಕಟ್ಟಿ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಬರುವ ತನಕ ಮಾತ್ರ. 2016ರ ತಿದ್ದುಪಡಿಯಾದ ಮೇಲೆ ಹರಾಜಿನ ದಿನದವರೆಗೆ ಕಾಯುವ ಹಾಗಿಲ್ಲ.

ಅಂಕಿಯಲ್ಲಿ ನೋಡಿ. ಫ್ಲ್ಯಾಟ್ 40 ಲಕ್ಷಕ್ಕೆ ಹೋಯಿತು ಅನ್ನಿ. ಬ್ಯಾಂಕಿಗೆ ಅಸಲು, ಬಡ್ಡಿ, ಖರ್ಚು ಸೇರಿ 23 ಲಕ್ಷ. ಉಳಿದ 17ರಲ್ಲಿ ಹೆಂಡತಿಯ ಪಾಲು ಅರ್ಧ ಎಂದಾದರೆ 8.5 ಲಕ್ಷ ಅವರಿಗೆ, 8.5 ಲಕ್ಷ ರಿಸೀವರಿಗೆ. ಅದನ್ನೇ 20 ಲಕ್ಷಕ್ಕೆ ಮಾರಿದರೆ 3 ಲಕ್ಷ ಕೊರತೆ. ಆ ಕೊರತೆಗೆ ಬ್ಯಾಂಕು ಉಳಿದ ಸಾಲದಾತರ ಸಾಲಿನಲ್ಲಿ ಬಂದು ನಿಲ್ಲುತ್ತದೆ. ಜೊತೆಗೆ ಹೆಂಡತಿ ಸಹ-ಸಾಲಗಾರ್ತಿಯಾಗಿ ಸಹಿ ಹಾಕಿದ್ದರೆ ಅವರ ಹತ್ತಿರ ಪೂರ್ತಿ 3 ಲಕ್ಷವನ್ನೂ ಕೇಳಬಹುದು, ಅರ್ಧವಲ್ಲ. ಗಂಡನಿಗೆ ಸಾಲದಿಂದ ಸಿಗುವ ಬಿಡುಗಡೆ ಸಹ-ಸಾಲಗಾರರಿಗೂ ಜಾಮೀನುದಾರರಿಗೂ ದಾಟುವುದಿಲ್ಲ, ಕಲಂ 44(3).

ಕಂತು ತಪ್ಪದೆ ಕಟ್ಟುತ್ತಾ ಬಂದಿದ್ದರೆ ಬ್ಯಾಂಕಿಗೆ ಮಾರುವ ಅವಸರವೇನೂ ಇಲ್ಲ. ಆದರೆ ರಿಸೀವರಿಗೆ ಇದೆ. ಅಡಮಾನದ ಹೊರೆ ಸಮೇತ ಗಂಡನ ಪಾಲನ್ನು ಅವನು ಮಾರಬಹುದು. ಅರ್ಧ ಫ್ಲ್ಯಾಟನ್ನು, ಅದೂ ಸಾಲ ಇರುವುದನ್ನು, ಹೊರಗಿನವರು ಕೊಳ್ಳುವುದು ಅಪರೂಪ. ಹೆಂಡತಿಯೋ ಅವರ ಕಡೆಯವರೋ ತಮ್ಮ ಸ್ವಂತ ಹಣದಿಂದ ನ್ಯಾಯವಾದ ಬೆಲೆ ಕೊಟ್ಟು ರಿಸೀವರಿಂದ ಆ ಪಾಲನ್ನು ಕೊಂಡುಕೊಳ್ಳಬಹುದು. ಮನೆ ಉಳಿಸಿಕೊಳ್ಳಲು ಕಾನೂನಿಗೆ ಒಪ್ಪುವ ದಾರಿ ಅದೇ.

ಜಮೀನಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. "ಕೃಷಿ ಭೂಮಿ ಯಾರೂ ಮುಟ್ಟೋ ಹಾಗಿಲ್ಲ" ಅನ್ನುವುದು ಸರ್ಫೇಸಿಗೆ ಸಂಬಂಧಿಸಿದ ಮಾತು, ಅಲ್ಲಿ ಕಲಂ 31 ಅದನ್ನು ಹೊರಗಿಟ್ಟಿದೆ. ಸಿವಿಲ್ ಡಿಕ್ರಿಯಲ್ಲಿ, ನಾದಾರಿಯಲ್ಲಿ ಜಮೀನಿಗೆ ಅಂಥ ರಕ್ಷಣೆ ಇಲ್ಲ. ರೈತನ ವಾಸದ ಮನೆಗೆ ಇದೆ, ಹೊಲಕ್ಕೆ ಇಲ್ಲ. ಪಹಣಿಯಲ್ಲಿ ಹೆಸರಿದೆ ಅಂದ ಮಾತ್ರಕ್ಕೆ ಸಂಬಳದಾರ ರೈತನೂ ಆಗುವುದಿಲ್ಲ, ಜೀವನ ನಡೆಯುವುದು ಮುಖ್ಯವಾಗಿ ಬೇಸಾಯದಿಂದಲೇ ಎಂದು ತೋರಿಸಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ ವಿಷಯ ಬೇರೆ. ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆಯ ನಿರ್ಬಂಧ ಕೋರ್ಟ್ ಹರಾಜಿಗೂ ಅನ್ವಯಿಸುತ್ತದೆ.

ನೇರಮಾತು:

ಹಕ್ಕು ಬಿಡುಗಡೆ ಪತ್ರದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಮಾಡಬೇಡಿ. ಹೇಳಿಕೊಟ್ಟವರು ಆಮೇಲೆ ಕೋರ್ಟಿಗೆ ನಿಮ್ಮ ಜೊತೆ ಬರುವುದಿಲ್ಲ.

1920ರ ಕಾಯ್ದೆಯ ಕಲಂ 53: ಅರ್ಜಿಗೆ ಹಿಂದಿನ ಎರಡು ವರ್ಷದೊಳಗೆ ಮಾಡಿದ ದಾನಪತ್ರ, ಹಕ್ಕು ಬಿಡುಗಡೆ, ಹೆಸರಿಗೆ ಮಾತ್ರ ಬೆಲೆ ಬರೆದ ಕ್ರಯಪತ್ರ ಎಲ್ಲವನ್ನೂ ರಿಸೀವರ್ ಕೋರ್ಟಿಗೆ ಹೇಳಿ ರದ್ದು ಮಾಡಿಸಬಹುದು. ಪ್ರಾಮಾಣಿಕವಾಗಿ ತಕ್ಕ ಬೆಲೆ ಕೊಟ್ಟು ಕೊಂಡವನಿಗೆ ಮಾತ್ರ ರಕ್ಷಣೆ. ಕಲಂ 54: ಅರ್ಜಿಗೆ ಹಿಂದಿನ ಮೂರು ತಿಂಗಳಲ್ಲಿ ಒಬ್ಬ ಸಾಲದಾತನಿಗೆ ಉಳಿದವರಿಗಿಂತ ಅನುಕೂಲ ಆಗಲಿ ಅಂತಲೇ ಕೊಟ್ಟ ಹಣವೂ ವಾಪಸ್ಸಾಗಬಹುದು. ಭಾವನ ಕೈಸಾಲ ಮೊದಲು ತೀರಿಸಿ ಆಮೇಲೆ ಅರ್ಜಿ ಹಾಕೋಣ ಅನ್ನುವವರು ಭಾವನನ್ನೇ ಕೋರ್ಟಿಗೆ ಎಳೆದ ಹಾಗಾಗುತ್ತದೆ.

ಎರಡು ವರ್ಷ ಸುಮ್ಮನಿದ್ದು ಆಮೇಲೆ ಅರ್ಜಿ ಹಾಕಿದರೆ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಸಾಲದಾತರನ್ನು ವಂಚಿಸಲು ಮಾಡಿದ ವರ್ಗಾವಣೆಯನ್ನು ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 53ರಲ್ಲಿ ಬೇರೆ ದಾವೆ ಹಾಕಿ ಪ್ರಶ್ನಿಸಬಹುದು, ಅಲ್ಲಿ ಈ ಎರಡು ವರ್ಷದ ಗೆರೆ ಇಲ್ಲ. ಇನ್ನು ಆಸ್ತಿ ಬಚ್ಚಿಟ್ಟದ್ದು, ಲೆಕ್ಕಪುಸ್ತಕ ನಾಶ ಮಾಡಿದ್ದು ಸಾಬೀತಾದರೆ ನಾದಾರಿ ಕಾಯ್ದೆಯ ಕಲಂ 69ರಲ್ಲಿ ಒಂದು ವರ್ಷದವರೆಗೆ ಜೈಲು. ಒಂದು ತುಂಡು ಜಮೀನು ಉಳಿಸಲು ಹೋಗಿ ಸಾಲದಿಂದ ಸಿಗುವ ಬಿಡುಗಡೆಯನ್ನೇ ಕಳೆದುಕೊಳ್ಳುವುದು ಯಾವ ಲೆಕ್ಕ?

ಹಳೆಲೆಕ್ಕ:

ಎಲ್ಲರಿಗೂ ಧನ್ಯವಾದ. ಹಕ್ಕು ಬಿಡುಗಡೆ ವಿಚಾರ ಕೈಬಿಟ್ಟ ಹಾಗೇ. ಇನ್ನೆರಡು ಕೇಳಬೇಕಿತ್ತು. ಹೆಂಡತಿಯ ಒಡವೆಯಲ್ಲಿ ತಾಳಿ ಬಿಟ್ಟು ಉಳಿದದ್ದು ಹೋಗುತ್ತದೆಯೇ? ತಂದೆ ಇನ್ನೂ ಇದ್ದಾರೆ, ಅವರ ಸ್ವಯಾರ್ಜಿತ ಮನೆಗೆ ಏನಾದರೂ ತೊಂದರೆ ಇದೆಯೇ?

ಮನೆಪಾಲು:

ಒಡವೆ ವಿಷಯದಲ್ಲಿ ಎರಡು ಸಂಗತಿ ಕಲಸಿಹೋಗಿವೆ. ಕಲಂ 60ರ ತಾಳಿಯ ವಿನಾಯಿತಿ ಇರುವುದು ಸಾಲ ಮಾಡಿದವನ ಆಸ್ತಿಗೆ. ಸ್ತ್ರೀಧನ ಅವನ ಆಸ್ತಿಯೇ ಅಲ್ಲ, ಹೆಂಡತಿಯದು. ಅವರ ಸಾಲವಲ್ಲದಿದ್ದರೆ ಅದು ರಿಸೀವರ್ ಪಟ್ಟಿಗೆ ಬರಬಾರದು. ತೊಡಕು ಬರುವುದು ಪುರಾವೆಯಲ್ಲಿ. ತವರಿನವರು ಕೊಟ್ಟದ್ದು, ಮದುವೆಯಲ್ಲಿ ಬಂದದ್ದು, ಅವರ ಸಂಬಳದಲ್ಲಿ ಕೊಂಡದ್ದು, ಇವುಗಳ ಬಿಲ್ಲು, ಫೋಟೊ, ಲಾಕರ್ ಯಾರ ಹೆಸರಲ್ಲಿದೆ ಅನ್ನುವುದು, ಖಾತೆಯಿಂದ ಹಣ ಹೋದ ದಾಖಲೆ ಎಲ್ಲ ಒಂದು ಕಡೆ ಇರಲಿ. ವ್ಯಾಪಾರದ ಖಾತೆಯಿಂದ ಹಣ ಕಟ್ಟಿ ಕಳೆದ ವರ್ಷ ಕೊಂಡ ಚಿನ್ನವನ್ನು ಸ್ತ್ರೀಧನ ಅಂದರೆ ಯಾರೂ ನಂಬುವುದಿಲ್ಲ. ಗಂಡನ ಹೆಸರಲ್ಲಿ ಚಿನ್ನದ ಸಾಲಕ್ಕೆ ಇಟ್ಟದ್ದಿದ್ದರೆ ಅದು ಒತ್ತೆ, ಹಣ ಕಟ್ಟಿ ಬಿಡಿಸಿಕೊಳ್ಳದೆ ಬರುವುದಿಲ್ಲ.

ವಿಮೆಯಲ್ಲೂ ಇದೇ ಥರ ಒಂದು ಸೌಲಭ್ಯ ಇದೆ. ಮದುವೆಯಾದ ಗಂಡಸು 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ ಕಲಂ 6ರಂತೆ ಹೆಂಡತಿ, ಮಕ್ಕಳ ಹೆಸರಿಗೆ ಪಾಲಿಸಿ ಮಾಡಿಸಿದ್ದರೆ ಅದು ಅವರ ಟ್ರಸ್ಟ್ ಆಗುತ್ತದೆ, ಗಂಡನ ಸಾಲದಾತರಿಗೆ ಅದರ ಮೇಲೆ ಹಕ್ಕಿಲ್ಲ. ಅದನ್ನು ಪಾಲಿಸಿ ಮಾಡಿಸುವಾಗಲೇ ಬರೆಸಿರಬೇಕು. ಸಾಲದಾತರನ್ನು ವಂಚಿಸಲೆಂದೇ ಪಾಲಿಸಿ ಮಾಡಿಸಿದ್ದಾದರೆ ಅದರಿಂದ ಬರುವ ಹಣದಲ್ಲಿ ಅವರು ತಮ್ಮ ಬಾಕಿ ಕೇಳಬಹುದು.

ತಂದೆಯ ಸ್ವಯಾರ್ಜಿತ ಮನೆಗೆ ಈಗ ತೊಂದರೆ ಇಲ್ಲ. ಮುಂದೆ ಸಿಗಬಹುದು ಅನ್ನುವ ನಿರೀಕ್ಷೆ ಆಸ್ತಿಯಲ್ಲ. ಆದರೆ ನಾದಾರಿ ಕಾಯ್ದೆಯ ಕಲಂ 28(4) ಗಮನಿಸಿ. ನಾದಾರಿ ಘೋಷಣೆಯಾದ ಮೇಲೆ, ಬಿಡುಗಡೆ ಆದೇಶ ಸಿಗುವ ಮುಂಚೆ, ಉತ್ತರಾಧಿಕಾರದಿಂದ ಏನು ಬಂದರೂ ನೇರ ರಿಸೀವರಿಗೆ ಹೋಗುತ್ತದೆ. ತಂದೆಯವರು ಉಯಿಲಿನಲ್ಲಿ ಯಾರಿಗೆ ಬರೆಯುತ್ತಾರೆ ಅನ್ನುವುದು ಅವರ ಇಷ್ಟ. ಸೊಸೆಗೋ ಮೊಮ್ಮಗಳಿಗೋ ಬರೆದರೆ ಅದು ಸಾಲ ಮಾಡಿದವನು ಮಾಡಿದ ವರ್ಗಾವಣೆ ಆಗುವುದಿಲ್ಲ.

ಪಿತ್ರಾರ್ಜಿತದಲ್ಲಿ ಹೋಗುವುದು ಅವನ ಪಾಲು. ಅಪ್ಪನ ಸಾಲಕ್ಕೆ ಮಗ ಧರ್ಮಋಣದ ಹೆಸರಿನಲ್ಲಿ ಹೊಣೆ ಅನ್ನುವ ಹಳೆಯ ನಿಯಮ 9 ಸೆಪ್ಟೆಂಬರ್ 2005ರ ನಂತರದ ಸಾಲಗಳಿಗೆ ಇಲ್ಲ. ಹಾಗಾಗಿ ಮಕ್ಕಳ ಭಾಗ ಸುಮ್ಮನೆ ಹೋಗುವುದಿಲ್ಲ. ಇಡೀ ಕುಟುಂಬದ ಅಗತ್ಯಕ್ಕೆ ಕರ್ತನಾಗಿ (ಅವಿಭಕ್ತ ಕುಟುಂಬದ ಯಜಮಾನನಾಗಿ) ಮಾಡಿದ ಸಾಲ ಅಂತಾದರೆ ಮಾತ್ರ ವಾದ ಬೇರೆ ದಾರಿ ಹಿಡಿಯುತ್ತದೆ.

ಕಲಂ_ಅರವತ್ತು:

ಈಗ ಅರ್ಜಿಯ ಕೆಲಸ. ಜಿಲ್ಲಾ ನ್ಯಾಯಾಲಯ, ಇಲ್ಲವೇ ಸರ್ಕಾರ ಅಧಿಕಾರ ಕೊಟ್ಟ ಕೆಳಗಿನ ನ್ಯಾಯಾಲಯ. ಕಲಂ 13 ಕೇಳುವುದು ಇಷ್ಟು: ಪ್ರತಿ ಸಾಲದ ಮೊತ್ತ ಮತ್ತು ವಿವರ, ಪ್ರತಿ ಸಾಲದಾತನ ಹೆಸರು ವಿಳಾಸ, ಪ್ರತಿ ಆಸ್ತಿಯ ವಿವರ, ಅಂದಾಜು ಬೆಲೆ, ಅದು ಇರುವ ಜಾಗ, ವಿನಾಯಿತಿ ಇಲ್ಲದ್ದನ್ನೆಲ್ಲ ಕೋರ್ಟಿಗೆ ಒಪ್ಪಿಸಲು ಸಿದ್ಧ ಎಂಬ ಹೇಳಿಕೆ, ಹಿಂದೆ ಇಂಥ ಅರ್ಜಿ ಹಾಕಿದ್ದರೆ ಅದು. ಒಮ್ಮೆ ಹಾಕಿದ ಮೇಲೆ ಕೋರ್ಟಿನ ಅನುಮತಿ ಇಲ್ಲದೆ ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ.

ಆಸ್ತಿ ಪಟ್ಟಿಯಲ್ಲಿ ಬಿಟ್ಟುಹೋಗುವುದು ದೊಡ್ಡದಲ್ಲ, ಸಣ್ಣಪುಟ್ಟದ್ದೇ. ಬಾಡಿಗೆ ಮನೆಗೆ ಕೊಟ್ಟ ಅಡ್ವಾನ್ಸ್, ಭೋಗ್ಯದ ಹಣ, ಎತ್ತದೆ ಇರುವ ಚೀಟಿಗೆ ಕಟ್ಟಿದ ಕಂತು, ಬರಬೇಕಾದ ಆದಾಯ ತೆರಿಗೆ ಮರುಪಾವತಿ, ಬೇರೆಯವರಿಗೆ ಕೊಟ್ಟ ಕೈಸಾಲ, ಮರೆತುಹೋದ ಡಿಮ್ಯಾಟ್ ಖಾತೆ, ಸಹಕಾರ ಸಂಘದ ಷೇರು. ಇವೆಲ್ಲ ಆಸ್ತಿಯೇ. ವಿನಾಯಿತಿ ಇರುವ ಪಿಎಫ್, ಎಲ್‌ಐಸಿಯನ್ನೂ ಬರೆದು ಪಕ್ಕದಲ್ಲಿ ವಿನಾಯಿತಿ ಕೋರಿದೆ ಅನ್ನಿ. ಬರೆಯದೆ ಬಿಟ್ಟರೆ ಬಚ್ಚಿಟ್ಟದ್ದೆಂದು ಎದುರು ವಕೀಲರು ಹಿಡಿದುಕೊಳ್ಳುತ್ತಾರೆ.

ಸಂಬಳ ಬರುವ ಖಾತೆ ಸಾಲ ಕೊಟ್ಟ ಬ್ಯಾಂಕಿನಲ್ಲೇ ಇದ್ದರೆ ಅದು ಬಾಕಿಗೆ ವಜಾ ಹಾಕಿಕೊಳ್ಳುವ ಸಂಭವ ಇದೆ. ಸಾಲವಿಲ್ಲದ ಬೇರೆ ಬ್ಯಾಂಕಿಗೆ ಬದಲಾಯಿಸಿ. ಆ ಖಾತೆಯನ್ನೂ ಪಟ್ಟಿಯಲ್ಲಿ ತೋರಿಸಿ.

ಅರ್ಜಿ ದಾಖಲಾದ ತಕ್ಷಣ ಎಲ್ಲ ನಿಲ್ಲುತ್ತದೆ ಅಂತಲೂ ಇಲ್ಲ. ಬಂಧನದಿಂದ ರಕ್ಷಣೆ ಬೇಕಿದ್ದರೆ ಘೋಷಣೆಯಾದ ಮೇಲೆ ಕಲಂ 31ರಲ್ಲಿ ಪ್ರತ್ಯೇಕವಾಗಿ ಕೇಳಬೇಕು. ಚೆಕ್ ಬೌನ್ಸ್ ಆಗಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138ರ ಕೇಸು ಇದ್ದರೆ ಅದು ಕ್ರಿಮಿನಲ್, ತನ್ನ ಪಾಡಿಗೆ ನಡೆಯುತ್ತದೆ. ಕೈಸಾಲದವರ ಹತ್ತಿರ ಖಾಲಿ ಚೆಕ್ ಇದೆಯೇ ಅಂತ ಮೊದಲು ನೋಡಿಕೊಳ್ಳಿ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಕೊನೆಯ ಹಂತದಲ್ಲಿ. ನಾದಾರಿ ಘೋಷಣೆ ಬೇರೆ, ಸಾಲದಿಂದ ಬಿಡುಗಡೆ ಬೇರೆ. ಘೋಷಣೆ ಆದೇಶದಲ್ಲೇ ಇಂತಿಷ್ಟು ಅವಧಿಯಲ್ಲಿ ಬಿಡುಗಡೆಗೆ ಅರ್ಜಿ ಹಾಕಬೇಕು ಅಂತ ಬರೆದಿರುತ್ತದೆ. ಆ ದಿನ ತಪ್ಪಿದರೆ ಕಲಂ 43ರಂತೆ ಘೋಷಣೆಯೇ ರದ್ದಾಗುತ್ತದೆ. ರಿಸೀವರ್ ಅಷ್ಟರಲ್ಲಿ ಮಾರಿದ್ದು ಮಾರಿದ್ದೇ, ಸಾಲ ಮಾತ್ರ ಹಾಗೇ ಬೆನ್ನ ಮೇಲೆ. ಮತ್ತೆ ಅರ್ಜಿ ಹಾಕಲು ಕೋರ್ಟಿನ ಅನುಮತಿ ಬೇಕು.

ಬಿಡುಗಡೆಯೂ ತಾನಾಗಿ ಸಿಗುವುದಿಲ್ಲ. ಆಸ್ತಿ ಮಾರಿ ಬಂದದ್ದು ಅಡಮಾನವಿಲ್ಲದ ಸಾಲಕ್ಕೆ ರೂಪಾಯಿಗೆ ಎಂಟಾಣೆಯಷ್ಟೂ ಆಗದಿದ್ದರೆ, ಅದು ನಿಮ್ಮ ಕೈಮೀರಿ ಆದದ್ದೆಂದು ತೋರಿಸದ ಹೊರತು ಕೋರ್ಟು ಪೂರ್ಣ ಬಿಡುಗಡೆ ಕೊಡುವ ಹಾಗಿಲ್ಲ. ಲೆಕ್ಕಪುಸ್ತಕ ಇಡದಿದ್ದದ್ದು, ಮುಳುಗಿದ್ದು ಗೊತ್ತಿದ್ದೂ ವ್ಯಾಪಾರ ಮುಂದುವರಿಸಿದ್ದು ಕೂಡ ಅಡ್ಡ ಬರುತ್ತವೆ. ಕೊಟ್ಟರೂ ಸರ್ಕಾರದ ಬಾಕಿ, ವಂಚನೆಯಿಂದ ಆದ ಸಾಲ, ಜೀವನಾಂಶ ಇವು ಬಿಡುಗಡೆಯಾಗುವುದಿಲ್ಲ. ನಿಮ್ಮ ಪಟ್ಟಿಯ 2 ಲಕ್ಷ ಜಿಎಸ್‌ಟಿ ಹಣ ಹಂಚುವಾಗಲೂ ಮೊದಲ ಸಾಲಿನಲ್ಲಿ, ಕೊನೆಗೆ ಉಳಿದರೂ ನಿಮ್ಮ ತಲೆಯ ಮೇಲೆ.

ನೇರಮಾತು:

ಇದನ್ನೆಲ್ಲ ಓದಿದ ಮೇಲೆ ಲೆಕ್ಕ ಹಾಕಿ. ಅಡಮಾನವಿಲ್ಲದ ಸಾಲ 23 ಲಕ್ಷ, ಜಿಎಸ್‌ಟಿ 2 ಲಕ್ಷ. ಜಮೀನಿನ ಪಾಲಿಗೆ 10, 12 ಲಕ್ಷ ಬರುವುದಾದರೆ ಅದನ್ನು ನೀವೇ ಸರಿಯಾದ ಬೆಲೆಗೆ ಮಾರಿ ಒಂದೇ ಬಾರಿ ಇತ್ಯರ್ಥಕ್ಕೆ ಬ್ಯಾಂಕುಗಳನ್ನು ಕೇಳುವುದು ಮೊದಲ ಹೆಜ್ಜೆ. ಕೋರ್ಟ್ ಹರಾಜಿಗಿಂತ ನೀವು ಮಾರಿದರೆ ಬೆಲೆ ಹೆಚ್ಚು ಬರುತ್ತದೆ, ಅದು ಸಾಲ ಕೊಟ್ಟವರಿಗೂ ಗೊತ್ತು. ಇತ್ಯರ್ಥ ಪತ್ರ ಬರಹದಲ್ಲಿ ಕೈಗೆ ಬರುವ ತನಕ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಕ್ರೆಡಿಟ್ ವರದಿಯಲ್ಲಿ "ಸೆಟಲ್ಡ್" ಅಂತ ಬರುತ್ತದೆ, ಬರಲಿ. ಒಪ್ಪದೆ ಡಿಕ್ರಿ, ಜಪ್ತಿ ಶುರುವಾದರೆ ಆಗ ನಾದಾರಿ ಅರ್ಜಿ. ಅದರೊಳಗೂ ಕಲಂ 38ರ ರಾಜಿ ಇದೆ. ಸಾಲ ರುಜುವಾತು ಮಾಡಿದವರಲ್ಲಿ ತಲೆ ಲೆಕ್ಕದಲ್ಲಿ ಬಹುಮತ ಮತ್ತು ಮೊತ್ತದಲ್ಲಿ ನಾಲ್ಕರಲ್ಲಿ ಮೂರು ಪಾಲು ಒಪ್ಪಿದರೆ ಕೋರ್ಟು ಪರಿಗಣಿಸುತ್ತದೆ.

ಒತ್ತೆ_ಪತ್ರ:

ಒಂದು ವಿಷಯ ಸೇರಿಸುತ್ತೇನೆ, ಬೇರೆ ಯಾರಾದರೂ ಓದುವವರಿಗೆ ಬೇಕಾಗಬಹುದು. ಸಾಲ ಪ್ರೈವೇಟ್ ಲಿಮಿಟೆಡ್ ಕಂಪನಿಯದಾಗಿದ್ದು ನಿರ್ದೇಶಕರು ವೈಯಕ್ತಿಕ ಜಾಮೀನಿಗೆ ಸಹಿ ಹಾಕಿದ್ದರೆ ದಾರಿಯೇ ಬೇರೆ, 2016ರ ಸಂಹಿತೆ, ಕಂಪನಿ ಕಾನೂನು ನ್ಯಾಯಮಂಡಳಿ. ಅಲ್ಲಿ ಉಳಿಯುವ ಆಸ್ತಿಯ ಪಟ್ಟಿ ಕಲಂ 79(14)ರಲ್ಲಿದೆ. ಅಡಮಾನವಿಲ್ಲದ ಒಂದೇ ಒಂದು ವಾಸದ ಮನೆ, ನಗರದಲ್ಲಿ 20 ಲಕ್ಷ, ಹಳ್ಳಿಯಲ್ಲಿ 10 ಲಕ್ಷ ಮೌಲ್ಯದೊಳಗೆ. ಧಾರ್ಮಿಕ ಒಡವೆ 1 ಲಕ್ಷದವರೆಗೆ. ಕೆಲಸಕ್ಕೆ ಬೇಕಾದ ಸಾಲವಿಲ್ಲದ ವಾಹನವೂ ಉಳಿಯುತ್ತದೆ, ಹಾಗಾಗಿ ಆ ಬೈಕು 1920ರ ಕಾಯ್ದೆಯಲ್ಲಿ ಹೋಗಿ ಇಲ್ಲಿ ಬಚಾವಾಗುತ್ತದೆ. ದಿವಾಳಿ ಆದೇಶದ ಹಂತಕ್ಕೆ ಹೋದರೆ ಬಿಡುಗಡೆ ಸಾಮಾನ್ಯವಾಗಿ ಒಂದು ವರ್ಷಕ್ಕೆ. ಸಹಿ ಹಾಕಿದ್ದು ಸಾಲಗಾರನಾಗಿಯೋ ಜಾಮೀನುದಾರನಾಗಿಯೋ ಅಂತ ಮಂಜೂರಾತಿ ಪತ್ರದ ಕೊನೆಯ ಪುಟ ತೆಗೆದು ನೋಡಿ.

ಹಳೆಲೆಕ್ಕ:

ನೋಡಿದೆ, ಸಾಲಗಾರನಾಗಿಯೇ. ವಕೀಲರ ಬಳಿ ಹೋಗುವಾಗ ಏನೇನು ಒಯ್ಯಬೇಕು?

ಕಲಂ_ಅರವತ್ತು:

ಎಲ್ಲ ಸಾಲದ ಇವತ್ತಿನ ದಿನಾಂಕದ ಬಾಕಿ ಪತ್ರ, ಎಲ್ಲ ಬ್ಯಾಂಕ್ ಖಾತೆಗಳ ಕಳೆದ ಮೂರು ವರ್ಷದ ಸ್ಟೇಟ್‌ಮೆಂಟ್, ಅಂಗಡಿಯ ಲೆಕ್ಕಪುಸ್ತಕ, ಜಿಎಸ್‌ಟಿ ಮತ್ತು ಆದಾಯ ತೆರಿಗೆ ರಿಟರ್ನ್, ಮೂರು ತಿಂಗಳ ಸಂಬಳ ಚೀಟಿ. ಫ್ಲ್ಯಾಟ್ ಮತ್ತು ಜಮೀನಿಗೆ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ, ಜಮೀನಿಗೆ ಪಹಣಿ ಮತ್ತು ವಂಶವೃಕ್ಷ. ಕಳೆದ ಎರಡು ವರ್ಷದಲ್ಲಿ ಮಾರಿದ್ದು, ಕೊಟ್ಟದ್ದು, ಮನೆಯವರಿಗೆ ವಾಪಸ್ ಮಾಡಿದ ಸಾಲ ಇವನ್ನು ಬೇರೆ ಹಾಳೆಯಲ್ಲಿ ದಿನಾಂಕ ಸಮೇತ ಬರೆದುಕೊಂಡು ಹೋಗಿ. ವಕೀಲರಿಗೆ ಮೊದಲು ತೋರಿಸಬೇಕಾದದ್ದು ಆ ಹಾಳೆ.